ಮೊದಲ ಗುಟುಕಿಗೂ ಮೊದಲ ಚಿಕಿತ್ಸೆಗೂ ನಡುವಿನ ವರ್ಷಗಳು

2023ರ ಜನವರಿಯಲ್ಲಿ ಕರ್ನಾಟಕದ ಅಬಕಾರಿ ಇಲಾಖೆ ಒಂದು ಕರಡು ಅಧಿಸೂಚನೆ ಹೊರಡಿಸಿತ್ತು. ಮದ್ಯ ಖರೀದಿಯ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಪ್ರಸ್ತಾವ ಅದು. 1965ರ ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ, 1967ರ ಸನ್ನದು ನಿಯಮಗಳಲ್ಲಿ 21 ಎಂದಿದೆ. ಈ ಗೊಂದಲದ ನೆಪದಲ್ಲಿ ಕರಡು ಹುಟ್ಟಿತು, ಜನರ ಆಕ್ಷೇಪಣೆ ಜೋರಾದಾಗ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ವಿರೋಧಿಸಿದವರಿಗೆ ಸಮಾಧಾನವಾಯಿತು, ಟಿ.ವಿ. ಚರ್ಚೆಗಳು ಬೇರೆ ವಿಷಯ ಹಿಡಿದವು. ಆದರೆ ಹತ್ತೊಂಬತ್ತರ ಹುಡುಗನೊಬ್ಬ ವೈನ್ ಸ್ಟೋರ್‌ನ ಕಿಟಕಿಯಲ್ಲಿ ವಯಸ್ಸಿನ ದಾಖಲೆ ತೋರಿಸಲಾಗದೆ ಬರಿಗೈಯಲ್ಲಿ ಹಿಂದಿರುಗಿದ್ದನ್ನು ನಾನಂತೂ ಕಂಡಿಲ್ಲ.

ವಯಸ್ಸಿನ ಮಿತಿ ಬೇಡವೆಂದು ಹೇಳುತ್ತಿಲ್ಲ. ಯುವಜನ ಮತ್ತು ಮದ್ಯದ ಬಗ್ಗೆ ನಾವು ಆಡುವ ಮಾತೆಲ್ಲ ಅಂಗಡಿಯ ಬಾಗಿಲಲ್ಲೇ ನಿಂತುಬಿಡುತ್ತದೆ ಎಂಬುದು ನನ್ನ ತಕರಾರು. ಯಾರು ಮಾರಬೇಕು, ಎಷ್ಟು ಗಂಟೆಯವರೆಗೆ ಮಾರಬೇಕು, ಬೆಲೆ ಎಷ್ಟಿರಬೇಕು, ಶಾಲೆಯಿಂದ ಎಷ್ಟು ದೂರ ಇರಬೇಕು ಎಂದೆಲ್ಲ ವಾದಿಸುತ್ತೇವೆ. ಕುಡಿಯಲು ಶುರು ಮಾಡಿಯೇಬಿಟ್ಟವನಿಗೆ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಏನಾಗುತ್ತದೆ ಎಂಬುದು ಯಾರ ಖಾತೆಗೂ ಸೇರಿಲ್ಲ. ಅಬಕಾರಿ ಇಲಾಖೆಗೆ ಅವನು ಗಿರಾಕಿ, ಕಾಲೇಜಿಗೆ ಶಿಸ್ತಿನ ಪ್ರಕರಣ, ಮನೆಯವರಿಗೆ ಮರ್ಯಾದೆಯ ಪ್ರಶ್ನೆ. ವೈದ್ಯರ ಎದುರು ಅವನು ಕೂರುವ ಹೊತ್ತಿಗೆ ಯಕೃತ್ತು ಕೆಟ್ಟಿರುತ್ತದೆ, ಇಲ್ಲವೇ ಸಂಸಾರ ಕೆಟ್ಟಿರುತ್ತದೆ.

ಈ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ಲೆಕ್ಕವೂ ಇದೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಮಂದಿಗೆ ಕುಡಿತ ಸಮಸ್ಯೆಯಾಗಿದೆ, ಅದರೊಳಗೆ 2.9 ಕೋಟಿ ಜನ ಅವಲಂಬನೆಯ ಹಂತ ತಲುಪಿದವರು. ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಅದಕ್ಕೂ ಮುಂಚೆ, 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ ಮದ್ಯದ ಸಮಸ್ಯೆ ಇರುವವರಲ್ಲಿ ಶೇ 86ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಇಷ್ಟು ಮಂದಿ ಚಿಕಿತ್ಸೆಯ ಹೊರಗಿರುವ ಇನ್ನೊಂದು ಕಾಯಿಲೆಯ ಬಗ್ಗೆ ನಾವು ಹೀಗೆ ಸುಮ್ಮನಿರುತ್ತಿರಲಿಲ್ಲ.

ಎಷ್ಟು ಕುಡಿದರೆ ಚಟ?

ವಾರಾಂತ್ಯದಲ್ಲಿ ಮಾತ್ರ, ಬಿಯರ್ ಮಾತ್ರ, ಗೆಳೆಯರ ಜೊತೆ ಮಾತ್ರ ಎಂಬ ಮೂರು ಸಮರ್ಥನೆಗಳು ಪಿ.ಜಿ.ಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಸದಾ ಸಿದ್ಧವಾಗಿರುತ್ತವೆ. ಮೂರನ್ನೂ ಸ್ವಲ್ಪ ಅಳೆದು ನೋಡೋಣ. ಭಾರತದಲ್ಲಿ ವೈದ್ಯರು ಒಂದು ಯೂನಿಟ್ ಎನ್ನುವುದು 10 ಗ್ರಾಂ ಶುದ್ಧ ಆಲ್ಕೊಹಾಲನ್ನು, ಅಂದರೆ ಸುಮಾರು 30 ಮಿ.ಲೀ. ವಿಸ್ಕಿ ಅಥವಾ ರಮ್. ಹಾಗಾದರೆ 90 ಮಿ.ಲೀ.ನ ಒಂದು ಟೆಟ್ರಾ ಪೊಟ್ಟಣದಲ್ಲಿ ಮೂರು ಯೂನಿಟ್, 180 ಮಿ.ಲೀ.ನ ಒಂದು ಕ್ವಾರ್ಟರ್‌ನಲ್ಲಿ ಆರು. 'ಬರೀ ಬಿಯರ್' ಎನ್ನುವ 650 ಮಿ.ಲೀ. ಬಾಟಲಿ ಶೇ 8ರ ಸ್ಟ್ರಾಂಗ್ ಆಗಿದ್ದರೆ ಅದರಲ್ಲಿ ನಾಲ್ಕು ಯೂನಿಟ್. ನಮ್ಮಲ್ಲಿ ಹೆಚ್ಚು ಬಿಕರಿಯಾಗುವುದು ಸ್ಟ್ರಾಂಗ್ ಬಿಯರೇ. ಎರಡು ಬಾಟಲಿ ಖಾಲಿ ಮಾಡಿದವನು ಒಂದು ಕ್ವಾರ್ಟರ್ ಕುಡಿದವನಿಗಿಂತ ಹೆಚ್ಚು ಕುಡಿದಿರುತ್ತಾನೆ, ಆದರೆ ತಾನು ಕುಡುಕನಲ್ಲ ಎಂಬ ನಂಬಿಕೆಯನ್ನು ಹಾಗೆಯೇ ಉಳಿಸಿಕೊಂಡಿರುತ್ತಾನೆ. ಹೆಣ್ಣುಮಕ್ಕಳ ದೇಹದಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ ಅಷ್ಟೇ ಪ್ರಮಾಣ ಅವರ ರಕ್ತದಲ್ಲಿ ಇನ್ನೂ ಗಾಢವಾಗಿ ಸೇರುತ್ತದೆ.

ಪ್ರಮಾಣವೊಂದೇ ಅಳತೆಗೋಲಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹತ್ತನೆಯ ಆವೃತ್ತಿ (ಐಸಿಡಿ-10) ಮದ್ಯಾವಲಂಬನೆಗೆ ಆರು ಲಕ್ಷಣಗಳನ್ನು ಹೇಳಿದೆ: ಕುಡಿಯಲೇಬೇಕೆಂಬ ತೀವ್ರ ತುಡಿತ, ಶುರು ಮಾಡಿದರೆ ನಿಲ್ಲಿಸಲಾಗದಿರುವುದು, ಬಿಟ್ಟಾಗ ಮೈ ನಡುಗುವುದು, ಅದೇ ಅಮಲಿಗೆ ಹೆಚ್ಚು ಹೆಚ್ಚು ಬೇಕಾಗುವುದು, ಬೇರೆ ಸಂತೋಷಗಳು ಒಂದೊಂದಾಗಿ ಬಿಟ್ಟುಹೋಗುವುದು, ಕೆಡುಕು ಕಣ್ಣಿಗೆ ಕಂಡರೂ ಮುಂದುವರಿಸುವುದು. ಒಂದು ವರ್ಷದೊಳಗೆ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅದು ಅವಲಂಬನೆ. ಬೆಳಿಗ್ಗೆ ಎದ್ದೊಡನೆ ಕುಡಿಯಬೇಕೆಂದು ಇದರಲ್ಲೆಲ್ಲೂ ಇಲ್ಲ, ರಸ್ತೆ ಬದಿಯಲ್ಲಿ ಬೀಳಬೇಕೆಂದೂ ಇಲ್ಲ.

ಇಪ್ಪತ್ತರ ವಯಸ್ಸಿನಲ್ಲಿ ಈ ಲಕ್ಷಣಗಳು ಬೇರೆ ವೇಷದಲ್ಲಿ ಬರುತ್ತವೆ. ನಾಲ್ಕು ಪೆಗ್ ಹಾಕಿದರೂ ಅಲುಗಾಡದವನನ್ನು ಗೆಳೆಯರು ಗಟ್ಟಿಗನೆಂದು ಹೊಗಳುತ್ತಾರೆ. ವೈದ್ಯರ ಕಣ್ಣಿಗೆ ಅದು ಮಿದುಳು ಆಲ್ಕೊಹಾಲಿಗೆ ಹೊಂದಿಕೊಂಡಿರುವ ಗುರುತು. ನಿನ್ನೆ ರಾತ್ರಿ ಮನೆಗೆ ಹೇಗೆ ಬಂದೆ ಎಂಬುದೇ ನೆನಪಿಲ್ಲ ಎಂದು ಒಬ್ಬ ಹೇಳಿದರೆ ಉಳಿದವರು ನಗುತ್ತಾರೆ. ಆ ಹೊತ್ತಿನಲ್ಲಿ ಅವನ ಮಿದುಳಿನ ಹಿಪ್ಪೊಕ್ಯಾಂಪಸ್ ಹೊಸ ನೆನಪು ಬರೆಯುವುದನ್ನೇ ನಿಲ್ಲಿಸಿತ್ತು. ಕ್ರಿಕೆಟ್ ಬಿಟ್ಟಿದ್ದಾನೆ, ಊರಿನ ಜಾತ್ರೆಗೆ ಬರುವುದು ಬಿಟ್ಟಿದ್ದಾನೆ, ಕುಡಿಯದ ಗೆಳೆಯರು ಒಬ್ಬೊಬ್ಬರಾಗಿ ದೂರವಾಗಿದ್ದಾರೆ. ಮನೆಯವರು ಕೆಲಸದ ಒತ್ತಡ ಎಂದುಕೊಳ್ಳುತ್ತಾರೆ. ನಡುವಯಸ್ಸಿನ ಕುಡುಕನ ಚಿತ್ರವೊಂದನ್ನು ತಲೆಯಲ್ಲಿಟ್ಟುಕೊಂಡು ಹುಡುಕುವ ಸಮಾಜಕ್ಕೆ ಇವನು ಕಾಣಿಸುವುದೇ ಇಲ್ಲ. ಹುಡುಗಿಯಾಗಿದ್ದರೆ ಇನ್ನೂ ಕಷ್ಟ. ಕುಡಿತ ಬಯಲಾಗುವ ಭಯವೇ ಅವಳಿಗೆ ಕುಡಿತಕ್ಕಿಂತ ದೊಡ್ಡದು.

ಔಷಧಿಯಂತೆ ಕುಡಿಯುವವರು

ಮನಸ್ಸಿನ ಆರೋಗ್ಯದ ಪ್ರಶ್ನೆ ಬರುವುದು ಇಲ್ಲಿ. ಮೋಜಿಗೆ ಕುಡಿಯುವವರೆಲ್ಲ ಚಟಕ್ಕೆ ಬೀಳುವುದಿಲ್ಲ. ಹೆಚ್ಚು ಅಪಾಯದಲ್ಲಿರುವವರು ಮದ್ಯವನ್ನು ಯಾವುದೋ ಒಂದು ಕೆಲಸಕ್ಕೆ ಬಳಸುವವರು. ನಾಲ್ಕು ಜನರ ನಡುವೆ ಬಾಯಿ ಬಿಡಲಾಗದ ಸಂಕೋಚಕ್ಕೆ ಒಬ್ಬ ಕುಡಿಯುತ್ತಾನೆ. ರಾತ್ರಿಪಾಳಿ ಮುಗಿಸಿ ಬಂದವಳು ನಿದ್ದೆಗಾಗಿ ಕುಡಿಯುತ್ತಾಳೆ. ಪರೀಕ್ಷೆಯಲ್ಲಿ ನಪಾಸಾದ, ಕೆಲಸ ಸಿಗದ, ಪ್ರೀತಿ ಮುರಿದ ನೋವನ್ನು ಒಂದು ರಾತ್ರಿಯ ಮಟ್ಟಿಗೆ ಆಚೆ ತಳ್ಳಲು ಮತ್ತೊಬ್ಬ ಕುಡಿಯುತ್ತಾನೆ. ಪ್ರೀತಿ ಕೈಕೊಟ್ಟ ನಾಯಕ ಬಾಟಲಿ ಹಿಡಿದು ಹಾಡುವುದು ನಮ್ಮ ಸಿನಿಮಾಕ್ಕೆ ಹೊಸದಲ್ಲ, ಪರದೆಯ ಮೂಲೆಯಲ್ಲಿ ಎಚ್ಚರಿಕೆಯ ಸಾಲು ಮಾತ್ರ ಈಚಿನದು. ಆ ಸಾಲು ಆರೋಗ್ಯಕ್ಕೆ ಹಾನಿಕರ ಎನ್ನುತ್ತದೆಯೇ ಹೊರತು ಈ ದುಃಖಕ್ಕೆ ಇದು ಮದ್ದಲ್ಲ ಎಂದು ಹೇಳುವುದಿಲ್ಲ.

ತೊಡಕೆಂದರೆ, ಮೊದಮೊದಲು ಅದು ಮದ್ದಿನಂತೆ ಕೆಲಸ ಮಾಡಿಯೇ ಮಾಡುತ್ತದೆ. ಮಿದುಳಿನಲ್ಲಿ ಶಾಂತಗೊಳಿಸುವ ಗಾಬಾ ಮತ್ತು ಚುರುಕುಗೊಳಿಸುವ ಗ್ಲುಟಮೇಟ್ ಎಂಬ ಎರಡು ರಾಸಾಯನಿಕಗಳು ತಕ್ಕಡಿಯ ಎರಡು ತಟ್ಟೆಗಳಂತೆ ಸಮತೋಲದಲ್ಲಿರುತ್ತವೆ. ಮದ್ಯ ಗಾಬಾದ ತಟ್ಟೆಯನ್ನು ಒತ್ತುತ್ತದೆ, ಮನಸ್ಸು ಹಗುರಾಗುತ್ತದೆ. ದಿನವೂ ಹೀಗೆ ಒತ್ತಿದರೆ ಮಿದುಳು ಸುಮ್ಮನಿರುವುದಿಲ್ಲ, ಇನ್ನೊಂದು ತಟ್ಟೆಗೆ ತಾನೇ ತೂಕ ಸೇರಿಸುತ್ತಾ ಹೋಗುತ್ತದೆ. ಅಮಲು ಇಳಿದಾಗ ಆ ಹೆಚ್ಚುವರಿ ತೂಕ ಮಾತ್ರ ಉಳಿಯುತ್ತದೆ: ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರ, ಎದೆ ಡವಡವ, ಕಾರಣವಿಲ್ಲದ ದಿಗಿಲು. ಬೇಗ ನಿದ್ದೆ ಹತ್ತಿಸಿದ ಮದ್ಯವೇ ಕನಸಿನ ಹಂತದ ನಿದ್ದೆಯನ್ನು ಕಡಿತಗೊಳಿಸಿರುತ್ತದೆ. ಹಗಲಿಡೀ ಜೋಮು, ಸಿಡುಕು. ಸಂಜೆಯಾಗುತ್ತಲೇ ಆ ದಿಗಿಲಿಗೆ ಗೊತ್ತಿರುವ ಒಂದೇ ಪರಿಹಾರ ನೆನಪಾಗುತ್ತದೆ. ಕಳೆಯಲೆಂದು ಕುಡಿಯುತ್ತಿರುವ ಆತಂಕದಲ್ಲಿ ಅರ್ಧವನ್ನು ನಿನ್ನೆಯ ಕುಡಿತವೇ ತಂದಿಟ್ಟಿರುತ್ತದೆ ಎಂಬುದು ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಖಿನ್ನತೆಯ ಮಾತೂ ಹೀಗೆಯೇ. ಖಿನ್ನತೆಯಿಂದ ಕುಡಿತ ಬಂತೋ ಕುಡಿತದಿಂದ ಖಿನ್ನತೆ ಬಂತೋ ಎಂದು ಮನೆಯವರು ಕೇಳುತ್ತಾರೆ. ಎರಡೂ ಸಾಧ್ಯ, ಒಟ್ಟಿಗೂ ಸಾಧ್ಯ. ಅನುಭವವಿರುವ ಮನೋವೈದ್ಯರು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಕುಡಿಯದೆ ಇದ್ದ ಮೇಲೆ ಮನಸ್ಸು ಹೇಗಿದೆ ಎಂದು ಮತ್ತೊಮ್ಮೆ ನೋಡುತ್ತಾರೆ. ಮದ್ಯವೇ ತಂದ ಖಿನ್ನತೆಯಾದರೆ ಅಷ್ಟರಲ್ಲಿ ಬಹುಮಟ್ಟಿಗೆ ತಿಳಿಯಾಗುತ್ತದೆ. ಉಳಿದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಆತ್ಮಹತ್ಯೆಯ ಮಾತು ಬಂದಿದ್ದರೆ ಮಾತ್ರ ಒಂದು ದಿನವೂ ಕಾಯುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿ ದೇಶದ ಆತ್ಮಹತ್ಯೆಗಳಲ್ಲಿ ಶೇ 6.8ಕ್ಕೆ ಮಾದಕವಸ್ತು ಮತ್ತು ಮದ್ಯದ ವ್ಯಸನವನ್ನು ಕಾರಣವೆಂದು ಬರೆದುಕೊಂಡಿದೆ. ಪೊಲೀಸರು ಒಂದು ಸಾವಿಗೆ ಒಂದೇ ಕಾರಣ ಬರೆಯುತ್ತಾರೆ. 'ಕೌಟುಂಬಿಕ ಸಮಸ್ಯೆ' ಎಂಬ ದೊಡ್ಡ ಅಂಕಣದೊಳಗೆ ಎಷ್ಟು ಬಾಟಲಿಗಳು ಅಡಗಿವೆಯೋ.

ವಯಸ್ಸು ಇಲ್ಲಿ ಮುಖ್ಯವಾಗುವುದು ಕಾನೂನಿನ ಕಾರಣಕ್ಕಲ್ಲ. ದುಡುಕನ್ನು ತಡೆಯುವ, ನಾಳೆಯನ್ನು ಲೆಕ್ಕ ಹಾಕುವ ಮಿದುಳಿನ ಮುಂಭಾಗ ಎಲ್ಲಕ್ಕಿಂತ ಕೊನೆಗೆ, ಸುಮಾರು ಇಪ್ಪತ್ತೈದರ ಹೊತ್ತಿಗೆ ಬಲಿಯುತ್ತದೆ. ಸುಖವನ್ನು ಅರಸುವ ಭಾಗ ಅದಕ್ಕೂ ಬಹಳ ಮೊದಲೇ ಸಜ್ಜಾಗಿರುತ್ತದೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಹದಿನಾಲ್ಕು ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಕುಡಿಯಲು ಶುರು ಮಾಡಿದವರಲ್ಲಿ ಶೇ 40ರಷ್ಟು ಮಂದಿ ಜೀವನದ ಯಾವುದಾದರೊಂದು ಘಟ್ಟದಲ್ಲಿ ಅವಲಂಬಿತರಾಗಿದ್ದರು. ಇಪ್ಪತ್ತರ ನಂತರ ಶುರು ಮಾಡಿದವರಲ್ಲಿ ಅದು ಶೇ 10ರಷ್ಟು. ಬೇಗ ಶುರು ಮಾಡುವವರ ಮನೆಯ ಸ್ಥಿತಿ, ಸ್ವಭಾವ ಮೊದಲೇ ಬೇರೆ ಇದ್ದೀತು ಎಂಬ ಆಕ್ಷೇಪ ನ್ಯಾಯವಾದದ್ದೇ.

ಆ ಆಕ್ಷೇಪಕ್ಕೆ ನಿಮ್ಹಾನ್ಸ್‌ನಲ್ಲಿ ಡಾ. ವಿವೇಕ್ ಬೆನಗಲ್ ಮತ್ತು ಸಂಗಡಿಗರು ನಡೆಸಿದ ಕೆಲಸ ಒಂದು ಬಗೆಯ ಉತ್ತರ ಕೊಡುತ್ತದೆ. ತಂದೆಯೂ ಹತ್ತಿರದ ಬಂಧುಗಳೂ ಮದ್ಯಾವಲಂಬಿತರಾಗಿರುವ, ಆದರೆ ತಾವಿನ್ನೂ ಮದ್ಯ ಮುಟ್ಟಿರದ ಯುವಕರ ಮಿದುಳನ್ನು ಅವರು ಸ್ಕ್ಯಾನ್ ಮಾಡಿ ನೋಡಿದರು. ಮೊದಲ ಗುಟುಕಿಗೂ ಮುಂಚೆಯೇ ಕೆಲವು ಭಾಗಗಳಲ್ಲಿ ವ್ಯತ್ಯಾಸ ಇತ್ತು. ಚಂಚಲತೆ, ದುಡುಕಿನಂಥ ಲಕ್ಷಣಗಳೂ ಅದರೊಂದಿಗೆ ಹೆಣೆದುಕೊಂಡಿದ್ದವು. ಅನುವಂಶೀಯತೆಯ ಪಾಲು ಸುಮಾರು ಅರ್ಧ ಎಂದು ಅವಳಿಗಳ ಮೇಲಿನ ಅಧ್ಯಯನಗಳೂ ಹೇಳುತ್ತವೆ. ಉಳಿದರ್ಧ ಮನೆ, ಓಣಿ, ಗೆಳೆಯರು, ಸುಲಭವಾಗಿ ಕೈಗೆಟುಕುವ ಪೊಟ್ಟಣ. ಅಪ್ಪನಂತೆ ಆಗುವುದಿಲ್ಲ ಎಂದು ಹಟ ತೊಟ್ಟು ಬೆಳೆದ ಮಗ ಒಂದು ದಿನ ಕುಡಿದಾಗ ಸುತ್ತಲಿನವರು 'ರಕ್ತದಲ್ಲೇ ಬಂದಿದೆ, ಬಿಡು' ಎಂದು ಕೈಚೆಲ್ಲುತ್ತಾರೆ. ಅಪಾಯ ರಕ್ತದಲ್ಲಿದೆ ಎಂದು ಗೊತ್ತಿದ್ದರೆ ಆ ಮಗುವಿನ ಮೇಲೆ ಹೆಚ್ಚು ಗಮನ ಇರಿಸಬೇಕಿತ್ತು. ಎಂಟನೆಯ ತರಗತಿಯಲ್ಲಿ ಕೂರಲಾಗದೆ ಚಡಪಡಿಸುವ, ಮೇಷ್ಟರಿಂದ ದಿನವೂ ಬೈಸಿಕೊಳ್ಳುವ ಹುಡುಗನಿಗೆ ಆಗ ಸಿಕ್ಕ ನೆರವು ಹತ್ತು ವರ್ಷಗಳ ನಂತರದ ವ್ಯಸನಮುಕ್ತಿ ಕೇಂದ್ರಕ್ಕಿಂತ ಅಗ್ಗ.

ಸರ್ಕಾರದ ಎರಡು ಕೈ

ರಾಜ್ಯದ 2025-26ರ ಬಜೆಟ್‌ನಲ್ಲಿ ಅಬಕಾರಿ ವರಮಾನದ ಗುರಿ ₹40,000 ಕೋಟಿ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದಾಗ ಹಳ್ಳಿಯ ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿ-ರಮ್ಮಿನ ಕಡೆ ತಿರುಗಿತು. ಸಗಟು ವ್ಯಾಪಾರ ಪೂರ್ತಿ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ, ಚಿಲ್ಲರೆಯಲ್ಲಿ ಸರ್ಕಾರದ್ದೇ ಕಂಪನಿಯಾದ ಎಂಎಸ್‌ಐಎಲ್‌ನ ಮಳಿಗೆಗಳೂ ಇವೆ. ಮದ್ಯ ಮಾರುವ ಕೈಯೇ ಕುಡಿತವನ್ನೂ ಬಿಡಿಸಬೇಕು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದುಬಂದ ಸಾವಿರಾರು ಹೆಂಗಸರು ಪೂರ್ಣ ಪಾನನಿಷೇಧ ಕೇಳಿದ್ದರು. ನಿಷೇಧ ಕೆಲಸ ಮಾಡುತ್ತದೆಂಬ ನಂಬಿಕೆ ನನಗಿಲ್ಲ. ಆದರೆ ಕಿರಾಣಿ ಅಂಗಡಿಯಲ್ಲೂ ಪೊಟ್ಟಣ ಸಿಗುವ ಊರಿನಲ್ಲಿ ಮಗನನ್ನು ಬೆಳೆಸುವುದು ಹೇಗೆ ಎಂಬ ಅವರ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ವರಮಾನ ನಿಜಕ್ಕೂ ಲಾಭವೇ ಎಂಬುದನ್ನು ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಅವರ ತಂಡ ಬೆಂಗಳೂರು ಅಧ್ಯಯನದ ಆಧಾರದ ಮೇಲೆ ಅಂದಾಜು ಮಾಡಿತ್ತು: 2003-04ರಲ್ಲಿ ದೇಶಕ್ಕೆ ಮದ್ಯದಿಂದ ಬಂದದ್ದು ಸುಮಾರು ₹21,600 ಕೋಟಿ, ಅದರ ದುಷ್ಪರಿಣಾಮಗಳಿಗೆ ತೆತ್ತದ್ದು ಸುಮಾರು ₹24,400 ಕೋಟಿ.

ಜಾಹೀರಾತಿನ ಕಥೆ ಚಿಕ್ಕದು. ಟಿ.ವಿ.ಯಲ್ಲಿ ಮದ್ಯದ ಜಾಹೀರಾತು ನಿಷಿದ್ಧ, ಅದೇ ಹೆಸರಿನ ಸೋಡಾ, ನೀರು, ಸಂಗೀತದ ಸಿ.ಡಿ. ಮಾತ್ರ ಧಾರಾಳ. 2022ರ ಜೂನ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಬದಲಿ ಜಾಹೀರಾತನ್ನೂ ನಿಷೇಧಿಸಿತು. ಬೆಂಗಳೂರಿನ ಐಪಿಎಲ್ ತಂಡಕ್ಕೆ ಹೆಸರು ಬಂದದ್ದೇ ಒಂದು ವಿಸ್ಕಿಯಿಂದ. ಆ ಹೆಸರಿನ ಅಂಗಿ ತೊಟ್ಟ ಹತ್ತು ವರ್ಷದ ಮಕ್ಕಳಿಗೆ ಅದು ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಕಂಪನಿಗಿಲ್ಲ.

ಬಿಡಿಸುವ ದಾರಿ, ಬಿಡಿಸುವ ಭ್ರಮೆ

'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ' ಎಂಬ ಜಾಹೀರಾತನ್ನು ಗೋಡೆಯ ಮೇಲೋ ಮೊಬೈಲ್‌ನಲ್ಲೋ ನೋಡದವರು ಕಡಿಮೆ. ಸಾರಿನಲ್ಲಿ ಬೆರೆಸಿ ಕೊಡಿ, ಮಜ್ಜಿಗೆಯಲ್ಲಿ ಬೆರೆಸಿ ಕೊಡಿ ಎನ್ನುತ್ತಾರೆ. ಅಂಥ ಪುಡಿಗಳಲ್ಲಿ ಏನಿದೆಯೆಂದು ಹೇಳಲಾಗದು. ಡೈಸಲ್ಫಿರಾಮ್ ಎಂಬ ಔಷಧವನ್ನೇ ಮನೆಯವರು ಗುಟ್ಟಾಗಿ ಕೊಟ್ಟರೆ ಏನಾಗುತ್ತದೆ ಎಂಬುದು ಮಾತ್ರ ಸ್ಪಷ್ಟ. ಅದು ಹೊಟ್ಟೆಯಲ್ಲಿರುವಾಗ ಮದ್ಯ ಸೇರಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ರೋಗಿಗೆ ಪೂರ್ತಿ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರ ನಿಗಾದಲ್ಲಿ ಮಾತ್ರ ಕೊಡುವ ಔಷಧ ಅದು. ಗುಟ್ಟು ಬಯಲಾದ ದಿನ ಹಾಳಾಗುವುದು ಮಗನಿಗೆ ತಾಯಿಯ ಕೈ ಊಟದ ಮೇಲಿದ್ದ ನಂಬಿಕೆ. ಮುಂದೆ ಯಾವ ವೈದ್ಯರೂ ಅದನ್ನು ಸುಲಭವಾಗಿ ಮರಳಿಸಲಾರರು.

ಇನ್ನೊಂದು ಅಪಾಯ ಛಲದ್ದು. ದಿನವೂ ಹೆಚ್ಚು ಕುಡಿಯುತ್ತಿದ್ದವನು ದೇವರ ಮೇಲೆ ಆಣೆಯಿಟ್ಟು ಒಂದೇ ಏಟಿಗೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದನ್ನು ಕಾಣುತ್ತ, ದಿಕ್ಕು ತಪ್ಪಿ ಬಡಬಡಿಸುವ ಸನ್ನಿ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಇದು ಸಾವಿಗೂ ಕಾರಣವಾಗುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮದ್ಯದಂಗಡಿಗಳು ಏಕಾಏಕಿ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ರೋಗಿಗಳು ಬರುವುದು ಹೆಚ್ಚಾಯಿತು ಎಂದು ವೈದ್ಯರು ದಾಖಲಿಸಿದ್ದಾರೆ. ಕೆಲವು ದಿನಗಳ ಮಟ್ಟಿಗೆ ಶಮನಕಾರಿ ಮಾತ್ರೆಗಳನ್ನು ಹಂತಹಂತವಾಗಿ ಇಳಿಸುತ್ತಾ, ಜೊತೆಗೆ ಬಿ1 ಜೀವಸತ್ವ ಕೊಟ್ಟರೆ ಈ ಘಟ್ಟ ದಾಟುವುದು ಕಷ್ಟವಲ್ಲ. ಕಷ್ಟ ಇರುವುದು ಆಮೇಲೆ. ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳಿವೆ, ಆದರೆ ಮೊದಲು ಕುಡಿಯಲು ಹಚ್ಚಿದ ಸಂಕೋಚವೋ ನಿದ್ದೆಗೇಡೋ ದುಃಖವೋ ಹಾಗೇ ಕುಳಿತಿದ್ದರೆ ಔಷಧದ ಶಕ್ತಿ ಎಷ್ಟು ದಿನ?

ನಮ್ಮ ರಾಜ್ಯದಲ್ಲಿ ಕುಡಿತ ಬಿಡಿಸುವ ದೊಡ್ಡ ಸಾಮುದಾಯಿಕ ಪ್ರಯತ್ನವೆಂದರೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಊರಿನವರೇ ಸೇರಿ ವಾರದ ಶಿಬಿರ ನಡೆಸುತ್ತಾರೆ. ಬಿಟ್ಟವರು ನವಜೀವನ ಸಮಿತಿಗಳಲ್ಲಿ ಒಬ್ಬರಿಗೊಬ್ಬರು ಕಾವಲಾಗುತ್ತಾರೆ. ನಗರಗಳಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಅದೇ ಕೆಲಸವನ್ನು ಹೆಸರು ಹೇಳದೆ ಮಾಡುತ್ತವೆ. ಇವೆರಡರ ಬಲವೂ ಒಂದೇ, ಕುಡಿದು ಬಿಟ್ಟವರ ಸಹವಾಸ. ಆದರೆ ಸಂಸಾರ, ಸಾಲ, ಹೆಂಡತಿಯ ಕಣ್ಣೀರಿನ ಮಾತುಗಳ ನಡುವೆ ಇಪ್ಪತ್ತೆರಡರ ವಿದ್ಯಾರ್ಥಿ ತನ್ನನ್ನು ಗುರುತಿಸಿಕೊಳ್ಳಲಾರ. 'ನಾನಿನ್ನೂ ಇಷ್ಟು ಕೆಟ್ಟಿಲ್ಲ' ಎಂಬ ಸಮಾಧಾನದೊಂದಿಗೆ ಹೊರಗೆ ಬರುವ ಸಾಧ್ಯತೆಯೇ ಹೆಚ್ಚು.

ಅಷ್ಟು ಕೆಡುವ ಮೊದಲೇ ತಡೆಯಬಹುದೆಂದು ಪಕ್ಕದ ಗೋವಾ ತೋರಿಸಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಕರ ಮಟ್ಟದಲ್ಲಿ ಕುಡಿಯುತ್ತಿದ್ದ, ಅವಲಂಬನೆಯ ಹಂತ ತಲುಪದ 377 ಪುರುಷರ ಮೇಲೆ ಒಂದು ಪ್ರಯೋಗ ನಡೆಯಿತು. ಮನೋವಿಜ್ಞಾನದ ಪದವಿಯಿಲ್ಲದ, ತರಬೇತಿ ಪಡೆದ ಸ್ಥಳೀಯರೇ ನಾಲ್ಕು ಭೇಟಿಗಳವರೆಗೆ ಆಪ್ತಸಮಾಲೋಚನೆ ಮಾಡಿದರು. ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ಶೇ 36ರಷ್ಟು ಮಂದಿ ಅಪಾಯದ ಗೆರೆಯಿಂದ ಕೆಳಗಿಳಿದಿದ್ದರು. ಸಾಮಾನ್ಯ ಆರೈಕೆ ಮಾತ್ರ ಪಡೆದವರಲ್ಲಿ ಅದು ಶೇ 26. ಹತ್ತು ಅಂಶಗಳ ವ್ಯತ್ಯಾಸ ಪವಾಡವಲ್ಲ ನಿಜ, ಆದರೆ ಅದಕ್ಕೆ ಬೇಕಾದದ್ದು ತಜ್ಞರಲ್ಲ, ಕೂತು ಮಾತನಾಡುವ ವ್ಯವಧಾನ.

ಕರ್ನಾಟಕಕ್ಕೆ ಇದು ಹೊಸ ವಿದ್ಯೆಯಲ್ಲ. ಮಾನಸಿಕ ಆರೋಗ್ಯವನ್ನು ಜಿಲ್ಲಾಮಟ್ಟಕ್ಕೆ ಒಯ್ಯುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದ ಬಳ್ಳಾರಿ ಪ್ರಯೋಗ. ಇಂದು ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳು ಜಿಲ್ಲಾ ಕ್ರೀಡಾಂಗಣಗಳಲ್ಲಿವೆ. ಅಲ್ಲಿ 'ಯುವ ಪರಿವರ್ತಕರು' ಎಂಬ ತರಬೇತಾದ ಯುವಕ ಯುವತಿಯರೇ ಮಾತಿಗೆ ಸಿಗುತ್ತಾರೆ. ಆಸ್ಪತ್ರೆಯ ಬೋರ್ಡಿಲ್ಲದ ಜಾಗ ಎಂಬುದೇ ಅದರ ಹೆಚ್ಚುಗಾರಿಕೆ. ಕಾಲೇಜಿನ ಸೂಚನಾ ಫಲಕದಲ್ಲಿ ಪರೀಕ್ಷಾ ಶುಲ್ಕದ ಕೊನೆಯ ದಿನಾಂಕದ ಪಕ್ಕ ಆ ವಿಳಾಸವೊಂದನ್ನು ಅಂಟಿಸಲು ಯಾವ ಬಜೆಟ್ಟೂ ಬೇಕಿಲ್ಲ. ಹಾಸ್ಟೆಲ್‌ನಲ್ಲಿ ಕುಡಿದು ಸಿಕ್ಕಿಬಿದ್ದವನನ್ನು ಹೊರಹಾಕುವ ಮೊದಲು ಒಮ್ಮೆ ಅಲ್ಲಿಗೆ ಕಳುಹಿಸುವ ನಿಯಮವನ್ನೂ ಪ್ರಾಂಶುಪಾಲರು ತಾವೇ ಮಾಡಿಕೊಳ್ಳಬಹುದು.

ಮನೆಯವರಿಗೆ ಎರಡು ವಿಷಯ ಗೊತ್ತಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ, ಚಿಕಿತ್ಸೆಯ ವಿವರಗಳನ್ನು ಗೌಪ್ಯವಾಗಿಡುವ ಹಕ್ಕನ್ನೂ ಕೊಟ್ಟಿದೆ. ಮದುವೆಗೆ ತೊಡಕಾದೀತು, ಕೆಲಸಕ್ಕೆ ಕುತ್ತಾದೀತು ಎಂಬ ಅಂಜಿಕೆಯಿಂದ ವೈದ್ಯರನ್ನು ಮುಂದೂಡಬೇಕಾಗಿಲ್ಲ. ಎರಡನೆಯದು, ಮಾತಿನ ಹೊತ್ತು. ಬಾಗಿಲು ತೆರೆಯುತ್ತಲೇ 'ಮತ್ತೆ ಕುಡಿದು ಬಂದೆಯಾ' ಎಂಬ ಪ್ರಶ್ನೆಗೆ ಸುಳ್ಳು ಬಿಟ್ಟು ಬೇರೆ ಉತ್ತರ ಸಿಗುವುದಿಲ್ಲ. ಮರುದಿನ ಅಮಲಿಲ್ಲದ ಹೊತ್ತಿನಲ್ಲಿ, 'ರಾತ್ರಿ ನಿದ್ದೆ ಬರುತ್ತಿದೆಯೇನಪ್ಪಾ?' ಎಂದು ಕೇಳಿದರೆ ಮಾತು ಮುಂದುವರಿದೀತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ವ್ಯಸನಕ್ಕೆಂದೇ ಕೇಂದ್ರ ಸರ್ಕಾರದ 14446 ಸಹಾಯವಾಣಿ ಇದೆ. ಕರೆ ಮಾಡುವವರು ಕುಡಿಯುವವರೇ ಆಗಿರಬೇಕೆಂದಿಲ್ಲ. ಮಗ ಒಪ್ಪದಿದ್ದರೆ ಮೊದಲ ಕರೆಯನ್ನು ತಾಯಿ ಮಾಡಬಹುದು, ಅಕ್ಕ ಮಾಡಬಹುದು, ಅದೇ ಕೋಣೆಯಲ್ಲಿರುವ ಗೆಳೆಯನೂ ಮಾಡಬಹುದು.